ಟೆರಿಕಾಟ್ ಬಟ್ಟೆಗೆ ಕಸ್ಟಮ್ಸ್‌ನಲ್ಲಿ ಯಾವ ಹೆಸರು? ಶೇ. 50ರ ಆಚೆ ಈಚೆಯ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)



ಒಬ್ಬ ಕೇಳುಗರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರು ಬೆಂಗಳೂರಲ್ಲಿ ಯೂನಿಫಾರ್ಮ್ ಹೊಲಿಯೋ ಸಣ್ಣ ಘಟಕ ನಡೆಸ್ತಾರೆ. ಮೊದಲ ಸಲ ಹೊರದೇಶದಿಂದ ಬಟ್ಟೆ ತರಿಸೋಕೆ ಹೊರಟಿದ್ದಾರೆ. ಎರಡು ಕಡೆಯಿಂದ ಕೊಟೇಶನ್ ಬಂದಿದೆ. ಎರಡೂ ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆತ ನೇಯ್ದ ಬಟ್ಟೆ, ಎರಡೂ 180 ಜಿಎಸ್‌ಎಂ. ಆದ್ರೆ ಒಬ್ಬ ಸಪ್ಲೈಯರ್ 5210 ಅಂತ ಕೋಡ್ ಹಾಕಿದ್ದಾನೆ, ಇನ್ನೊಬ್ಬ 5514 ಅಂತ. "ಇಬ್ಬರಲ್ಲಿ ಯಾರು ಸರಿ? ನಾನು ಯಾವುದನ್ನ ಹಾಕಲಿ?" ಇದು ಅವರ ಪ್ರಶ್ನೆ.

ಇಬ್ಬರೂ ಸರಿ ಇರಬಹುದು. ಇಬ್ಬರೂ ತಪ್ಪಿರಲೂಬಹುದು. ಆದ್ರೆ ತಪ್ಪಾದ್ರೆ ನೋಟಿಸ್ ಬರೋದು ಆ ಸಪ್ಲೈಯರ್‌ಗಳಿಗಲ್ಲ, ಈ ಕೇಳುಗರಿಗೆ. ಹಾಗಾಗಿ ಇದನ್ನ ಸ್ವಲ್ಪ ನಿಧಾನವಾಗಿ, ಬಿಡಿಸಿ ನೋಡೋಣ.

ಮೊದಲು ಹೆಸರುಗಳ ಗೊಂದಲ ಕಳೆಯೋಣ. ನಮ್ಮ ಚಿಕ್ಕಪೇಟೆಯಲ್ಲಿ ಹೋಗಿ ಕೇಳಿದ್ರೆ ಈ ಬಟ್ಟೆಗೆ ಟೆರಿಕಾಟ್, ಪಿಸಿ, ಟಿಸಿ, ಸಿವಿಸಿ, ಮಿಕ್ಸ್ ಕಾಟನ್ ಅಂತ ಹತ್ತು ಹೆಸರು ಹೇಳ್ತಾರೆ. ಟೆರಿಕಾಟ್ ಅಂದ್ರೆ ಟೆರಿಲೀನ್ ಜೊತೆ ಕಾಟನ್. ಟೆರಿಲೀನ್ ಅನ್ನೋದು 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಪಾಲಿಯೆಸ್ಟರ್ ನಾರಿನ ವ್ಯಾಪಾರಿ ಹೆಸರು. ನಮ್ಮ ಅಪ್ಪಂದಿರ ಕಾಲದ ಟೆರಿಕಾಟ್ ಪ್ಯಾಂಟ್ ಅದೇ. ಸಿವಿಸಿ ಕಥೆ ಇನ್ನೂ ಚೆನ್ನಾಗಿದೆ. ಅದರ ಪೂರ್ತಿ ರೂಪ 'ಚೀಫ್ ವ್ಯಾಲ್ಯೂ ಕಾಟನ್', ಅಂದ್ರೆ ಬಟ್ಟೆಯ ಬೆಲೆಯಲ್ಲಿ ದೊಡ್ಡ ಪಾಲು ಹತ್ತಿಯದು. ಅಮೆರಿಕದ ಹಳೇ ಸುಂಕ ಪಟ್ಟಿಯಲ್ಲಿ ಮಿಶ್ರ ಬಟ್ಟೆಯನ್ನ ತೂಕದ ಮೇಲೆ ಅಲ್ಲ, ಯಾವ ನಾರಿನ ಬೆಲೆ ಹೆಚ್ಚು ಅನ್ನೋದರ ಮೇಲೆ ವಿಂಗಡಿಸ್ತಿದ್ರು. 1989ರಲ್ಲಿ ಅಮೆರಿಕ ಹೊಸ ಪಟ್ಟಿಗೆ ಬಂತು, ತೂಕವೇ ಲೆಕ್ಕ ಆಯ್ತು. ನಿಯಮ ಹೋಯ್ತು, ಹೆಸರು ಉಳೀತು. ಇವತ್ತು ವ್ಯಾಪಾರದಲ್ಲಿ ಸಿವಿಸಿ ಅಂದ್ರೆ ಹತ್ತಿ ಜಾಸ್ತಿ ಇರೋ ಮಿಕ್ಸ್ ಅಂತ ಅಷ್ಟೇ ಅರ್ಥ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಈ ಯಾವ ಹೆಸರೂ ಕಸ್ಟಮ್ಸ್‌ಗೆ ಬೇಕಾಗಿಲ್ಲ. ಇನ್‌ವಾಯ್ಸ್ ಮೇಲೆ 'ಸಿವಿಸಿ ಟ್ವಿಲ್' ಅಂತ ಬರೆದಿದ್ರೆ ಅದು ವಿವರಣೆ ಅಲ್ಲ, ಅಡ್ಡಹೆಸರು. ಕಸ್ಟಮ್ಸ್ ಕೇಳೋದು ಸಂಖ್ಯೆಗಳನ್ನ.

ಆ ಸಂಖ್ಯೆಗಳು ಎಲ್ಲಿಂದ ಬಂದವು? ವಿಶ್ವ ಕಸ್ಟಮ್ಸ್ ಸಂಘಟನೆ ನಡೆಸೋ ಹಾರ್ಮೊನೈಸ್ಡ್ ಸಿಸ್ಟಮ್, ಅಂದ್ರೆ ಎಚ್‌ಎಸ್, 1988ರ ಜನವರಿ 1ರಿಂದ ಜಾರಿಯಲ್ಲಿದೆ. ಅದನ್ನ ಪಾಲಿಸೋ ದೇಶಗಳಲ್ಲಿ ಮೊದಲ ಆರು ಅಂಕಿ ಒಂದೇ. ಅದರ ಮುಂದಿನ ಅಂಕಿಗಳನ್ನ ಆಯಾ ದೇಶ ತನಗೆ ಬೇಕಾದಂತೆ ಸೇರಿಸ್ಕೊಳ್ಳುತ್ತೆ. ನಮ್ಮಲ್ಲಿ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎಂಟು ಅಂಕಿಗಳಿವೆ. ಬಟ್ಟೆ, ನೂಲು, ಉಡುಪು ಎಲ್ಲ ಸೇರಿ 11ನೇ ವಿಭಾಗ, ಅಧ್ಯಾಯ 50ರಿಂದ 63. ನಮಗೆ ಇವತ್ತು ಬೇಕಾಗಿರೋದು ಮೂರೇ ಅಧ್ಯಾಯ: 52 ಹತ್ತಿ, 54 ಕೃತಕ ಫಿಲಮೆಂಟ್, 55 ಕೃತಕ ಸ್ಟೇಪಲ್ ನಾರು.

ಸರಿ, ಈಗ ಪ್ರಶ್ನೆಗಳು. ಒಂದಾದ ಮೇಲೊಂದು ಕೇಳ್ಕೊಂಡು ಹೋಗಬೇಕು, ಕ್ರಮ ತಪ್ಪಿಸಬಾರದು.

ಮೊದಲ ಪ್ರಶ್ನೆ: ಯಾವ ನಾರಿನ ತೂಕ ಹೆಚ್ಚು? 11ನೇ ವಿಭಾಗದ 2ನೇ ಟಿಪ್ಪಣಿ ಹೇಳೋದು ಇಷ್ಟು. ಎರಡು ಮೂರು ನಾರು ಬೆರೆತಿದ್ರೆ, ತೂಕದಲ್ಲಿ ಯಾವುದು ಹೆಚ್ಚೋ ಇಡೀ ಬಟ್ಟೆ ಅದರದ್ದೇ ಅಂತ ಭಾವಿಸಿ. ಶೇ. 60 ಹತ್ತಿ ಇದ್ರೆ ಅಧ್ಯಾಯ 52. ಶೇ. 65 ಪಾಲಿಯೆಸ್ಟರ್ ಇದ್ರೆ 54 ಅಥವಾ 55. ಯಾವುದೂ ಹೆಚ್ಚಿಲ್ಲ, ಸರಿಸಮ ಬಂತು ಅಂದ್ರೆ? ಸಮಾನ ಹಕ್ಕಿರೋ ಹೆಡಿಂಗ್‌ಗಳಲ್ಲಿ ಸಂಖ್ಯೆಯ ಪ್ರಕಾರ ಕೊನೆಗೆ ಬರೋದು ಗೆಲ್ಲುತ್ತೆ. ಅಂದ್ರೆ ಸರಿಯಾಗಿ 50-50 ಇದ್ರೆ ಹತ್ತಿ ಸೋಲುತ್ತೆ, ಪಾಲಿಯೆಸ್ಟರ್ ಗೆಲ್ಲುತ್ತೆ.

ಎರಡನೇ ಪ್ರಶ್ನೆ: ಪಾಲಿಯೆಸ್ಟರ್ ಯಾವ ರೂಪದಲ್ಲಿದೆ? ಪಾಲಿಯೆಸ್ಟರ್ ಎಳೆ ಕಿಲೋಮೀಟರ್‌ಗಟ್ಟಲೆ ಉದ್ದ ಇರೋ ಹಾಗೇ ನೂಲಾದ್ರೆ ಅದು ಫಿಲಮೆಂಟ್, ಅಧ್ಯಾಯ 54. ಅದನ್ನೇ ಹತ್ತಿ ನಾರಿನಷ್ಟು ಗಿಡ್ಡಕ್ಕೆ ಕತ್ತರಿಸಿ, ಹತ್ತಿ ಜೊತೆ ಬೆರೆಸಿ ನೂತರೆ ಅದು ಸ್ಟೇಪಲ್, ಅಧ್ಯಾಯ 55. ಬಟ್ಟೆಯಿಂದ ಒಂದು ನೂಲು ಎಳೆದು ಹುರಿ ಬಿಚ್ಚಿ ನೋಡಿ. ಸಣ್ಣ ಸಣ್ಣ ನಾರು ಬಿಡಿಸ್ಕೊಂಡು ನೂಲು ಕಳಚಿ ಬಂದ್ರೆ ಸ್ಟೇಪಲ್. ಕೊನೆಯಿಂದ ಕೊನೆಗೆ ನುಣುಪಾಗಿ ಉದ್ದಕ್ಕೂ ಬಂದ್ರೆ ಫಿಲಮೆಂಟ್. ಹಾಸು ಮತ್ತು ಹೊಕ್ಕು ಎರಡನ್ನೂ ನೋಡಬೇಕು. ಯಾಕಂದ್ರೆ ಹಾಸಿನಲ್ಲಿ ಪಾಲಿಯೆಸ್ಟರ್ ಫಿಲಮೆಂಟ್, ಹೊಕ್ಕಿನಲ್ಲಿ ಹತ್ತಿ ಇರೋ ಬಟ್ಟೆಗಳು ಬೇಕಾದಷ್ಟಿವೆ. ಅಲ್ಲಿ ಫಿಲಮೆಂಟ್ ತೂಕ ಹೆಚ್ಚಿದ್ರೆ 5407, ಅದರಲ್ಲಿ ಹತ್ತಿ ಜೊತೆ ಬೆರೆತದ್ದಕ್ಕೇ 5407 81ರಿಂದ 84ರವರೆಗಿನ ಸಾಲುಗಳಿವೆ.

ಮೂರನೇ ಪ್ರಶ್ನೆ: ಹೆಚ್ಚಿರೋ ನಾರು ಶೇ. 85 ದಾಟಿದ್ಯಾ? ಹತ್ತಿ ಶೇ. 85 ಅಥವಾ ಹೆಚ್ಚಿದ್ರೆ 5208 ಇಲ್ಲಾ 5209. ಕಡಿಮೆ ಇದ್ದು, ಉಳಿದಿದ್ದು ಮುಖ್ಯವಾಗಿ ಕೃತಕ ನಾರಾದ್ರೆ 5210 ಇಲ್ಲಾ 5211. ಪಾಲಿಯೆಸ್ಟರ್ ಥರದ ಸಿಂಥೆಟಿಕ್ ಸ್ಟೇಪಲ್ ಶೇ. 85 ಮುಟ್ಟಿದ್ರೆ 5512. ಕಡಿಮೆ ಇದ್ದು, ಉಳಿದಿದ್ದು ಮುಖ್ಯವಾಗಿ ಹತ್ತಿಯಾದ್ರೆ 5513 ಇಲ್ಲಾ 5514.

ನಾಲ್ಕನೇ ಪ್ರಶ್ನೆ: ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತೆ? ಇಲ್ಲಿ ತುಂಬಾ ಜನ ಎಡವ್ತಾರೆ. ಹತ್ತಿ ಕಡೆ ಗಡಿ 200 ಗ್ರಾಂ. 5210 ಅಂದ್ರೆ 200 ಗ್ರಾಂವರೆಗೆ, 5211 ಅಂದ್ರೆ 200 ಮೀರಿದ್ದು. ಆದ್ರೆ ಸಿಂಥೆಟಿಕ್ ಸ್ಟೇಪಲ್ ಕಡೆ ಗಡಿ 170 ಗ್ರಾಂ. 5513 ಅಂದ್ರೆ 170ರವರೆಗೆ, 5514 ಅಂದ್ರೆ 170 ಮೀರಿದ್ದು. ಎರಡು ಅಧ್ಯಾಯಕ್ಕೆ ಎರಡು ಬೇರೆ ಗಡಿ.

ಈಗ ನಮ್ಮ ಕೇಳುಗರ ಬಟ್ಟೆಗೆ ಬನ್ನಿ. 180 ಗ್ರಾಂ. ಹತ್ತಿ ಜಾಸ್ತಿ ಇದ್ರೆ ಅದು 200ರ ಒಳಗೆ, ಅಂದ್ರೆ 5210, ಹಗುರ ಬಟ್ಟೆ. ಪಾಲಿಯೆಸ್ಟರ್ ಸ್ಟೇಪಲ್ ಜಾಸ್ತಿ ಇದ್ರೆ ಅದೇ 180 ಗ್ರಾಂ 170ನ್ನ ದಾಟಿಬಿಟ್ಟಿದೆ, ಅಂದ್ರೆ 5514, ಭಾರದ ಬಟ್ಟೆ. ತೂಕ ಬದಲಾಗಿಲ್ಲ, ಆದ್ರೆ ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ. ಆದ್ದರಿಂದಲೇ ಇಬ್ಬರು ಸಪ್ಲೈಯರ್‌ಗಳೂ ಸರಿ ಇರಬಹುದು ಅಂದಿದ್ದು. ಒಬ್ಬನದು 60-40 ಹತ್ತಿ, ಇನ್ನೊಬ್ಬನದು 65-35 ಪಾಲಿಯೆಸ್ಟರ್ ಆಗಿದ್ರೆ ಇಬ್ಬರ ಕೋಡೂ ಸರಿಯೇ. 'ಹೆಚ್ಚುಕಮ್ಮಿ ಒಂದೇ ಬಟ್ಟೆ' ಅನ್ನೋ ಮಾತು ಹೊಲಿಯೋರಿಗೆ ನಡೆಯುತ್ತೆ, ಕಸ್ಟಮ್ಸ್‌ಗೆ ನಡೆಯಲ್ಲ.

ನಾಲ್ಕು ಪ್ರಶ್ನೆ ಮುಗಿದ ಮೇಲೆ ಉಳಿದಿದ್ದು ಸುಲಭ. ಬಣ್ಣ ಹಾಕಿಲ್ವಾ, ಬಿಳುಪು ಮಾಡಿದ್ದಾ, ಡೈ ಮಾಡಿದ್ದಾ, ಬೇರೆ ಬೇರೆ ಬಣ್ಣದ ನೂಲಲ್ಲಿ ನೇಯ್ದಿದ್ದಾ, ಪ್ರಿಂಟ್ ಮಾಡಿದ್ದಾ ಅಂತ ನೋಡಬೇಕು. ಆಮೇಲೆ ನೇಯ್ಗೆ: ಪ್ಲೇನಾ, ಟ್ವಿಲ್ಲಾ? ಉದಾಹರಣೆಗೆ ಪಾಲಿಯೆಸ್ಟರ್ ಜಾಸ್ತಿ ಇರೋ, ಡೈ ಮಾಡಿದ, ಮೂರು ಅಥವಾ ನಾಲ್ಕು ಎಳೆಯ ಟ್ವಿಲ್, 180 ಗ್ರಾಂ ಆದ್ರೆ 5514 22. ಹತ್ತಿ ಜಾಸ್ತಿ ಇರೋ ಅದೇ ಟ್ವಿಲ್ 5210 32. ಒಂದು ಎಚ್ಚರಿಕೆ: ಇದೆಲ್ಲ ಸಾದಾ ನೇಯ್ದ ಬಟ್ಟೆಗೆ ಮಾತ್ರ. ಹೆಣೆದ ಬಟ್ಟೆ ಅಧ್ಯಾಯ 60ಕ್ಕೆ ಹೋಗುತ್ತೆ, ಕಣ್ಣಿಗೆ ಕಾಣೋ ಹಾಗೆ ಪ್ಲಾಸ್ಟಿಕ್ ಲೇಪನ ಇದ್ರೆ ಅಧ್ಯಾಯ 59 ನೋಡಬೇಕು.

ಮೂರು ನಾರು ಬೆರೆತಾಗ ಲೆಕ್ಕ ಸ್ವಲ್ಪ ತಿರುಗುತ್ತೆ. ಒಂದು ಉದಾಹರಣೆ ತಗೊಳ್ಳಿ: ಶೇ. 40 ಹತ್ತಿ, ಶೇ. 35 ಪಾಲಿಯೆಸ್ಟರ್ ಸ್ಟೇಪಲ್, ಶೇ. 25 ವಿಸ್ಕೋಸ್ ಸ್ಟೇಪಲ್. ಮೇಲ್ನೋಟಕ್ಕೆ ಹತ್ತಿಯೇ ಎಲ್ಲಕ್ಕಿಂತ ಹೆಚ್ಚು, ಹಾಗಾಗಿ ಅಧ್ಯಾಯ 52 ಅನ್ಸುತ್ತೆ. ಅಲ್ಲ. ಮೊದಲು ಅಧ್ಯಾಯ ಯಾವುದು ಅಂತ ತೀರ್ಮಾನಿಸಬೇಕು, ಹೆಡಿಂಗ್ ಆಮೇಲೆ. ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಎರಡೂ ಅಧ್ಯಾಯ 55ರವು, ಕೂಡಿದ್ರೆ ಶೇ. 60. ಅಲ್ಲಿಗೆ ಹತ್ತಿ ಸೋತಿತು. ಈಗ 55ರ ಒಳಗೆ ಹತ್ತಿಯನ್ನ ಬದಿಗಿಟ್ಟು ನೋಡಿದ್ರೆ ಪಾಲಿಯೆಸ್ಟರ್ ವಿಸ್ಕೋಸ್‌ಗಿಂತ ಹೆಚ್ಚು, ಹಾಗಾಗಿ ಸಿಂಥೆಟಿಕ್ ಸ್ಟೇಪಲ್ ಬಟ್ಟೆ. ಹತ್ತಿ ಜೊತೆ ಮುಖ್ಯವಾಗಿ ಬೆರೆತದ್ದು, ಹಾಗಾಗಿ 5513 ಇಲ್ಲಾ 5514. ಇದೇ ಥರ ಫಿಲಮೆಂಟ್ ಮತ್ತು ಸ್ಟೇಪಲ್ ಎರಡೂ ಹತ್ತಿ ಜೊತೆ ಬಂದಾಗ 54 ಮತ್ತು 55ನ್ನ ಒಂದೇ ಅಧ್ಯಾಯ ಅಂತ ಕೂಡಿ, ಹತ್ತಿಗೆ ಎದುರು ನಿಲ್ಲಿಸಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ಕಷ್ಟ ಉಳಿಯುತ್ತೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯ ಅನ್ಸಿದ್ದು ಇದೇ.

ಶೇಕಡಾವಾರು ಗೊತ್ತಾಗೋದು ಹೇಗೆ? ಕೈಯಲ್ಲಿ ಮುಟ್ಟಿ 52-48 ಅಂತ ಯಾರೂ ಹೇಳಕ್ಕಾಗಲ್ಲ. ಬೆಂಕಿ ಹಚ್ಚಿ ನೋಡಿದ್ರೆ ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಅದರಿಂದ ಎರಡೂ ಇದೆ ಅಂತ ಗೊತ್ತಾಗಬಹುದು, ಎಷ್ಟಿದೆ ಅಂತ ಗೊತ್ತಾಗಲ್ಲ. ಲ್ಯಾಬ್‌ನಲ್ಲಿ ಏನ್ ಮಾಡ್ತಾರೆ ಅಂದ್ರೆ, ಬಟ್ಟೆಯ ಗಂಜಿ, ಫಿನಿಶಿಂಗ್ ಎಲ್ಲ ತೆಗೆದು, ಒಣಗಿಸಿ, ತೂಗಿ, ಶೇ. 75ರ ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಕ್ತಾರೆ. ಹತ್ತಿ ಕರಗುತ್ತೆ, ಪಾಲಿಯೆಸ್ಟರ್ ಉಳಿಯುತ್ತೆ. ಉಳಿದಿದ್ದನ್ನ ತೊಳೆದು ಒಣಗಿಸಿ ಮತ್ತೆ ತೂಗಿದ್ರೆ ಲೆಕ್ಕ ಸಿಗುತ್ತೆ.

ಆದ್ರೆ ಆ ಲೆಕ್ಕವನ್ನ ಎರಡು ಥರ ಬರೀಬಹುದು. ಹತ್ತಿ ಗಾಳಿಯಲ್ಲಿರೋ ತೇವ ಹೀರುತ್ತೆ, ಪಾಲಿಯೆಸ್ಟರ್ ಹೆಚ್ಚುಕಡಿಮೆ ಹೀರೋದೇ ಇಲ್ಲ. ವ್ಯಾಪಾರದಲ್ಲಿ ಸಾಮಾನ್ಯವಾಗಿ ಬಳಸೋ ಸಂಖ್ಯೆ ಪ್ರಕಾರ ಒಣ ಹತ್ತಿಗೆ ಶೇ. 8.5, ಒಣ ಪಾಲಿಯೆಸ್ಟರ್‌ಗೆ ಶೇ. 0.4 ತೇವ ಸೇರಿಸಿ ಲೆಕ್ಕ ಹಾಕ್ತಾರೆ. ಈಗ ಒಣಗಿಸಿ ತೂಗಿದಾಗ ಸರಿಯಾಗಿ 50-50 ಬಂದ ಬಟ್ಟೆ ತಗೊಳ್ಳಿ. ತೇವ ಸೇರಿಸಿದ್ರೆ ಹತ್ತಿ 54.25 ಆಗುತ್ತೆ, ಪಾಲಿಯೆಸ್ಟರ್ 50.2 ಆಗುತ್ತೆ. ಮತ್ತೆ ನೂರಕ್ಕೆ ತಂದ್ರೆ ಹತ್ತಿ ಸುಮಾರು ಶೇ. 51.9, ಪಾಲಿಯೆಸ್ಟರ್ ಶೇ. 48.1. ಒಣ ಲೆಕ್ಕದಲ್ಲಿ ಸಮ ಬಂದು ಅಧ್ಯಾಯ 55ಕ್ಕೆ ಹೋಗ್ತಿದ್ದ ಬಟ್ಟೆ, ತೇವದ ಲೆಕ್ಕದಲ್ಲಿ ಅಧ್ಯಾಯ 52. ಒಣಗಿಸಿದಾಗ ಶೇ. 51 ಪಾಲಿಯೆಸ್ಟರ್ ಇದ್ದ ಬಟ್ಟೆ ಕೂಡ ತೇವ ಸೇರಿಸಿದ್ರೆ ಶೇ. 50.9 ಹತ್ತಿ ಅಂತ ಬರುತ್ತೆ. 2ನೇ ಟಿಪ್ಪಣಿಯಲ್ಲಿ ಇರೋದು 'ತೂಕ' ಅನ್ನೋ ಒಂದೇ ಮಾತು.

ಹಾಗಾಗಿ ಗಡಿಯ ಹತ್ತಿರ ಇರೋ ಬಟ್ಟೆ ತರಿಸ್ತಿದ್ರೆ, ರಿಪೋರ್ಟ್‌ನಲ್ಲಿ ಶೇಕಡಾವಾರು ಮಾತ್ರ ನೋಡಬೇಡಿ. ಯಾವ ಆಧಾರದ ಮೇಲೆ ಲೆಕ್ಕ ಹಾಕಿದ್ದಾರೆ ಅಂತಾನೂ ನೋಡಿ. ಸಪ್ಲೈಯರ್ ಲ್ಯಾಬ್ ಒಂದು ಥರ, ಇಲ್ಲಿನ ಲ್ಯಾಬ್ ಇನ್ನೊಂದು ಥರ ಬರೆದ್ರೆ ಯಾರೂ ಸುಳ್ಳು ಹೇಳಿಲ್ಲ, ಆದ್ರೂ ಎರಡು ಕೋಡ್ ಬಂದಿರುತ್ತೆ. ಇನ್ನೂ ಒಳ್ಳೇ ದಾರಿ ಅಂದ್ರೆ 50-50, 52-48 ಥರದ ಮಿಶ್ರಣವನ್ನೇ ಆರ್ಡರ್ ಮಾಡದೆ ಇರೋದು. 60-40, 65-35ಗೆ ಹೋದ್ರೆ ಈ ತಲೆನೋವು ಇಲ್ಲ.

ಕೋಡ್ ಬದಲಾದ್ರೆ ದುಡ್ಡು ಎಷ್ಟು ಬದಲಾಗುತ್ತೆ? ಐಜಿಎಸ್‌ಟಿ ಹತ್ತಿ ಬಟ್ಟೆಗೂ ಶೇ. 5, ಪಾಲಿಯೆಸ್ಟರ್ ಬಟ್ಟೆಗೂ ಶೇ. 5. ಅದರಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಬರೋದು ಮೂಲ ಕಸ್ಟಮ್ಸ್ ಸುಂಕದಲ್ಲಿ. ನಮ್ಮ ಪಟ್ಟಿಯಲ್ಲಿ ಬಟ್ಟೆಯ ಕೆಲವು ಸಾಲುಗಳಿಗೆ ಬರೀ ಶೇಕಡಾವಾರು ಸುಂಕ. ಇನ್ನು ಕೆಲವಕ್ಕೆ 'ಇಷ್ಟು ಶೇಕಡಾ, ಅಥವಾ ಚದರ ಮೀಟರ್‌ಗೋ ಕಿಲೋಗೋ ಇಷ್ಟು ರೂಪಾಯಿ, ಯಾವುದು ಹೆಚ್ಚೋ ಅದು'. ಈ ಎರಡನೇ ಥರದ್ದು ಅಗ್ಗದ ಬಟ್ಟೆಗೆ ಜೋರಾಗಿ ಕಚ್ಚುತ್ತೆ. ಲೆಕ್ಕ ಅರ್ಥ ಆಗೋಕೆ ಒಂದು ಕಾಲ್ಪನಿಕ ಉದಾಹರಣೆ: ಚದರ ಮೀಟರ್‌ಗೆ 80 ರೂಪಾಯಿ ಬಟ್ಟೆ, ಶೇ. 20 ಸುಂಕ ಅಂದ್ರೆ 16 ರೂಪಾಯಿ. ಅದೇ ಸಾಲಲ್ಲಿ ಚದರ ಮೀಟರ್‌ಗೆ 40 ರೂಪಾಯಿ ಅಂತಾನೂ ಇದ್ರೆ ನೀವು ಕಟ್ಟೋದು 40, ಅಂದ್ರೆ ಶೇ. 50. ನಿಮ್ಮ ಎಂಟು ಅಂಕಿಯ ಸಾಲಿಗೆ ಆ ದಿನದ ದರ ಏನಿದೆ, ವಿನಾಯಿತಿ ಅಧಿಸೂಚನೆ ಏನಿದೆ ಅಂತ ಆರ್ಡರ್ ಹಾಕೋ ಮುಂಚೆ ನೋಡಿ. ಬೆಲೆ ಕೋಟ್ ಮಾಡಿ ಒಪ್ಪಿಕೊಂಡ ಮೇಲೆ ನೋಡಿದ್ರೆ ಲಾಭ ಅಲ್ಲೇ ಮುಗಿದಿರುತ್ತೆ.

ರಫ್ತು ಮಾಡೋರಿಗೂ ಇದು ತಪ್ಪಿದ್ದಲ್ಲ. ಸುಂಕ ವಾಪಸಾತಿ, ಅಂದ್ರೆ ಡ್ರಾಬ್ಯಾಕ್ ಪಟ್ಟಿಯಲ್ಲಿ ಉಡುಪುಗಳಿಗೆ ಹತ್ತಿಯದು, ಮಿಶ್ರದ್ದು, ಕೃತಕ ನಾರಿನದು ಅಂತ ಬೇರೆ ಬೇರೆ ದರ. ಶರ್ಟಿನ ಕೋಡ್ ಕೂಡ ಹತ್ತಿಗೆ 6205 20, ಕೃತಕ ನಾರಿಗೆ 6205 30. ಬಟ್ಟೆಯ ಹಂತದಲ್ಲಿ ಆದ ತಪ್ಪು ಶರ್ಟ್ ಜೊತೆಗೇ ಹಡಗು ಹತ್ತುತ್ತೆ.

ಈಗ ಹೊಣೆಯ ಮಾತು. 2011ರಿಂದ ನಮ್ಮ ಕಸ್ಟಮ್ಸ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸ್ವಯಂ ನಿರ್ಧರಣೆ ಪದ್ಧತಿ ಇದೆ. ಕೋಡ್ ಯಾವುದು, ಸುಂಕ ಎಷ್ಟು ಅಂತ ಆಮದುದಾರರೇ ಘೋಷಿಸಬೇಕು. ಬಿಲ್ ಆಫ್ ಎಂಟ್ರಿಯನ್ನ ನಿಮ್ಮ ಪರವಾಗಿ ಬ್ರೋಕರ್ ಹಾಕ್ತಾರೆ, ಆದ್ರೆ ಘೋಷಣೆ ನಿಮ್ಮದು. ಅಧಿಕಾರಿ 144ನೇ ಸೆಕ್ಷನ್ ಪ್ರಕಾರ ಸ್ಯಾಂಪಲ್ ತಗೊಂಡು ಲ್ಯಾಬ್‌ಗೆ ಕಳಿಸಬಹುದು. ರಿಪೋರ್ಟ್ ಬೇರೆ ಬಂದ್ರೆ ವ್ಯತ್ಯಾಸದ ಸುಂಕ, ಬಡ್ಡಿ ಕಟ್ಟಬೇಕು. ಮಾಲು ಬಿಡುಗಡೆ ಆಗಿ ಹೊಲಿದು ಮಾರಿದ ಮೇಲೂ 28ನೇ ಸೆಕ್ಷನ್ ಕೆಳಗೆ ಎರಡು ವರ್ಷದವರೆಗೆ ನೋಟಿಸ್ ಬರಬಹುದು. ಬೇಕಂತಲೇ ತಪ್ಪು ಹೇಳಿದ್ದು, ಮುಚ್ಚಿಟ್ಟಿದ್ದು ಅಂತ ಇಲಾಖೆ ಹೇಳಿದ್ರೆ ಅದು ಐದು ವರ್ಷ, ಜೊತೆಗೆ ದಂಡ.

ಸಣ್ಣ ಘಟಕಕ್ಕೆ ಇದರ ಅರ್ಥ ಏನು ಯೋಚ್ನೆ ಮಾಡಿ. ಆ ಯೂನಿಫಾರ್ಮ್‌ಗಳನ್ನ ಶಾಲೆಗೋ ಫ್ಯಾಕ್ಟರಿಗೋ ಹಳೇ ದರಕ್ಕೆ ಮಾರಿ ಆಗಿರುತ್ತೆ. ಎರಡು ವರ್ಷದ ಹಿಂದಿನ ಗಿರಾಕಿ ಹತ್ರ ಹೋಗಿ 'ಸುಂಕ ಜಾಸ್ತಿ ಆಯ್ತು, ಇನ್ನಷ್ಟು ಕೊಡಿ' ಅನ್ನೋಕಾಗಲ್ಲ. ಅಷ್ಟೂ ಕೈಯಿಂದ ಹೋಗುತ್ತೆ. ದೊಡ್ಡ ಕಂಪನಿಗಳಿಗೆ ಇದನ್ನ ನೋಡ್ಕೊಳ್ಳೋಕೆ ಒಂದು ವಿಭಾಗವೇ ಇರುತ್ತೆ. ಸಣ್ಣವರು 'ಬ್ರೋಕರ್ ನೋಡ್ಕೊತಾರೆ' ಅಂತ ಬಿಡ್ತಾರೆ, ಬ್ರೋಕರ್ ಇನ್‌ವಾಯ್ಸ್‌ನಲ್ಲಿ ಇದ್ದಿದ್ದನ್ನ ಹಾಕ್ತಾರೆ, ಇನ್‌ವಾಯ್ಸ್ ಬರೆದ ಸಪ್ಲೈಯರ್ ನಮ್ಮ ಕಾನೂನಿನ ಕೈಗೆ ಸಿಗಲ್ಲ. ಹೀಗೆ ಮೂರು ಜನ ದಾಟಿ ಬಂದ ಒಂದು ಅಂದಾಜಿಗೆ ಕೊನೆಗೆ ಸಹಿ ಹಾಕೋದು ಏನೂ ಅಳೆಯದೆ ಇರೋ ವ್ಯಕ್ತಿ.

ಹಾಗಾದ್ರೆ ಏನ್ ಮಾಡಬೇಕು? ದುಬಾರಿ ಕೆಲಸ ಏನಲ್ಲ.

ಆರ್ಡರ್‌ಗೆ ಮುಂಚೆ ಸಪ್ಲೈಯರ್‌ನಿಂದ ಲಿಖಿತವಾಗಿ ಐದು ವಿಷಯ ತಗೊಳ್ಳಿ: ನಾರುಗಳ ಶೇಕಡಾವಾರು ತೂಕ ಮತ್ತು ಅದರ ಆಧಾರ, ಪಾಲಿಯೆಸ್ಟರ್ ಸ್ಟೇಪಲ್ಲೋ ಫಿಲಮೆಂಟೋ, ಜಿಎಸ್‌ಎಂ, ನೇಯ್ಗೆ, ಬಣ್ಣ ಹಾಕಿದ ವಿಧಾನ. ಇವೇ ಪದಗಳು ಇನ್‌ವಾಯ್ಸ್‌ನಲ್ಲೂ ಇರಬೇಕು. ಸ್ಯಾಂಪಲ್ ತರಿಸಿ ಇಲ್ಲೇ ಪರೀಕ್ಷೆ ಮಾಡಿಸಿ. ಕೇಂದ್ರ ಜವಳಿ ಸಚಿವಾಲಯದ ಟೆಕ್ಸ್‌ಟೈಲ್ಸ್ ಕಮಿಟಿಯ ಲ್ಯಾಬ್ ಬೆಂಗಳೂರಲ್ಲೇ ಇದೆ. ಜಿಎಸ್‌ಎಂ ಅಂತೂ ನೀವೇ ನೋಡಬಹುದು. 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ತುಂಡು ಕತ್ತರಿಸಿ, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, 100ರಿಂದ ಗುಣಿಸಿ. ರೋಲಿನ ಅಂಚು ಬಿಟ್ಟು, ಬೇರೆ ಬೇರೆ ಜಾಗದಲ್ಲಿ ನಾಲ್ಕೈದು ತುಂಡು ತೂಗಿ ಸರಾಸರಿ ತೆಗೆಯಿರಿ. 168, 172 ಥರ ಗಡಿಯ ಹತ್ತಿರ ಬಂದ್ರೆ ಅದನ್ನೂ ಲ್ಯಾಬ್‌ಗೆ ಬಿಡಿ.

ನಿಜಕ್ಕೂ ಅನುಮಾನ ಇದ್ದು, ಅದೇ ಬಟ್ಟೆಯನ್ನ ಪದೇಪದೇ ತರಿಸೋ ಯೋಚನೆ ಇದ್ರೆ, ದೆಹಲಿ ಮತ್ತು ಮುಂಬೈಯಲ್ಲಿರೋ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಕಾಯ್ದೆಯಲ್ಲಿ ಮೂರು ತಿಂಗಳ ಗಡುವಿದೆ. ಬಂದ ತೀರ್ಪು ನಿಮಗೂ ಇಲಾಖೆಗೂ ಅನ್ವಯ ಆಗುತ್ತೆ. ಮಾಲು ಆಗಲೇ ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ಬಂದು ನಿಂತಿದ್ರೆ, 18ನೇ ಸೆಕ್ಷನ್ ಕೆಳಗೆ ಬಾಂಡ್ ಕೊಟ್ಟು ತಾತ್ಕಾಲಿಕ ನಿರ್ಧರಣೆ ಕೇಳಿ ಬಿಡಿಸ್ಕೊಳ್ಳಬಹುದು, ಡೆಮರೇಜ್ ಏರೋದು ತಪ್ಪುತ್ತೆ. ಲ್ಯಾಬ್ ರಿಪೋರ್ಟ್ ಒಪ್ಪಿಗೆ ಇಲ್ಲ ಅಂದ್ರೆ ತಡ ಮಾಡದೆ ಲಿಖಿತವಾಗಿ ಮರುಪರೀಕ್ಷೆ ಕೇಳಿ. ಮಾಲು ಬಿಡುಗಡೆ ಆದ ಮೇಲೆ ತಪ್ಪು ಗಮನಕ್ಕೆ ಬಂದ್ರೆ, 2025ರ ಹಣಕಾಸು ಕಾಯ್ದೆ 18ಎ ಅನ್ನೋ ಹೊಸ ಸೆಕ್ಷನ್ ತಂದಿದೆ. ಷರತ್ತುಗಳ ಮೇಲೆ ನೀವಾಗೇ ತಿದ್ದಿ, ವ್ಯತ್ಯಾಸ ಕಟ್ಟೋಕೆ ದಾರಿ ಇದೆ. ಆಡಿಟ್ಟೋ ತನಿಖೆಯೋ ಶುರುವಾಗಿ ನಿಮಗೆ ತಿಳಿಸಿದ ಮೇಲೆ ಆ ದಾರಿ ಮುಚ್ಚುತ್ತೆ, ಹಾಗಾಗಿ ಮುಂದೂಡಬೇಡಿ.

ಕೊನೆಯದಾಗಿ ಒಂದು ಮಾತು. 'ಇದೆಲ್ಲ ಬಟ್ಟೆ ತಾನೇ, ಇಷ್ಟು ಕೂದಲು ಸೀಳೋದು ಯಾಕೆ' ಅಂತ ಕೇಳ್ತಾರೆ. ಆ ಸುಂಕ ನಿಂತಿರೋದು ಇಚಲಕರಂಜಿ, ಭಿವಂಡಿ, ನಮ್ಮ ಬೆಳಗಾವಿ ಥರದ ಊರುಗಳ ಪವರ್‌ಲೂಮ್‌ಗಳ ಪರವಾಗಿ. ಬೇಕಂತಲೇ ಶೇ. 65 ಪಾಲಿಯೆಸ್ಟರ್ ಬಟ್ಟೆಗೆ ಹತ್ತಿಯ ಕೋಡ್ ಹಾಕಿ ಸುಂಕ ಉಳಿಸಿದ್ರೆ, ಆ ಉಳಿತಾಯ ಆ ಮಗ್ಗದವರ ಕೂಲಿಯಿಂದ ಬಂದಿರುತ್ತೆ. ಅದಕ್ಕೆ ಗಡಿ ಗೆರೆ ಬೇಕೇ ಬೇಕು. ಆದ್ರೆ ಕದಿಯೋನಿಗೆ ಹಾಕಿದ ಗೆರೆ ಮೇಲೆ, ಗೊತ್ತಿಲ್ಲದೆ ಕಾಲಿಟ್ಟ ಸಣ್ಣ ಉದ್ಯಮಿಯೂ ಸಿಕ್ಕಿಕೊಳ್ತಾನೆ. ಇಬ್ಬರ ನಡುವಿನ ವ್ಯತ್ಯಾಸ ತೋರಿಸೋಕೆ ನಿಮ್ಮ ಹತ್ರ ಇರಬೇಕಾದ್ದು ಒಂದೇ: ಮಾಲು ಹಡಗು ಹತ್ತೋ ಮುಂಚಿನ ದಿನಾಂಕ ಇರೋ ಒಂದು ಲ್ಯಾಬ್ ರಿಪೋರ್ಟ್. ಆ ಕಾಗದ ಫೈಲ್‌ನಲ್ಲಿದ್ರೆ, ಅಭಿಪ್ರಾಯ ಭೇದ ಬಂದ್ರೂ 'ಮುಚ್ಚಿಟ್ಟಿದ್ದೀರಿ' ಅಂತ ಯಾರೂ ಸುಲಭವಾಗಿ ಹೇಳಕ್ಕಾಗಲ್ಲ.

ಇವತ್ತಿಗೆ ಇಷ್ಟು. ಇದು ಸಾಮಾನ್ಯ ಮಾಹಿತಿ. ನಿಮ್ಮ ಸರಕಿಗೆ ಕೋಡ್ ಹಾಕೋ ಮುಂಚೆ ಆ ದಿನದ ಸುಂಕ ಪಟ್ಟಿ ನೋಡಿ, ತಿಳಿದವರ ಹತ್ರ ಮಾತಾಡಿ. ಬಟ್ಟೆ ವ್ಯವಹಾರದಲ್ಲಿರೋ ಗೆಳೆಯರಿಗೆ ಈ ಸಂಚಿಕೆ ಕಳಿಸಿ.